ಹಾಸನದಲ್ಲಿ ಮನೆಯಲ್ಲೇ ಕಾಫಿ ಬೀಜ ಹುರಿಯೋಕೆ ಯಾವ ಮೆಷಿನ್ ತಗೋಬೇಕು?

ಸಕಲೇಶಪುರದ ಕಡೆಯ ನೆಂಟರ ತೋಟದಿಂದ ಐದು ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು, ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಬಂದಿದೆ, ಮನೆಯಲ್ಲೇ ಹುರಿದು ಫಿಲ್ಟರ್ ಕಾಫಿ ಮಾಡಬೇಕು, ಕಾಫಿ ಹವ್ಯಾಸ ಇರೋ ಐದಾರು ಜನರನ್ನ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಮೆಷಿನ್ ಹೆಸರು ಹೇಳಿದ್ರು, ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. ಸದ್ಯಕ್ಕೆ ಯಾವ ಮೆಷಿನ್ನೂ ಬೇಡ. ದಪ್ಪ ತಳದ ಕಬ್ಬಿಣದ ಬಾಣಲೆ, ಉದ್ದ ಹಿಡಿಯ ಮರದ ಸೌಟು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಫೋನಿನಲ್ಲಿರುವ ಗಡಿಯಾರ, ಒಂದು ಮೊರ. ಮೊದಲ ಒಂದೆರಡು ಕೆ.ಜಿ.ಗೆ ಇಷ್ಟು ಸಾಕು.

ಕಾಫಿ ಹವ್ಯಾಸಿಗಳಲ್ಲಿ ಒಂದು ಚಾಳಿ ಇದೆ. ಯಾರಾದರೂ ಬಂದು "ನನ್ನ ಕಾಫಿ ಹುಳಿ ಬರ್ತಿದೆ" ಅಂದರೆ ಮೊದಲು ಕೇಳೋದು "ಗ್ರೈಂಡರ್ ಯಾವುದು?" ಅಂತ. ಅವರು ಹೆಸರು ಹೇಳಿದ ಮೇಲೆ ಅದು ಸರಿ ಇಲ್ಲ ಅನ್ನೋರು ಇಬ್ಬರು, ಅದೇ ಚೆನ್ನಾಗಿದೆ ಅನ್ನೋರು ಇಬ್ಬರು. ಆಮೇಲೆ ಚಿಕೋರಿ ಹಾಕೋದು ಪಾಪವೋ ಪುಣ್ಯವೋ ಅನ್ನೋ ಚರ್ಚೆ. ಬೀಜ ಎಷ್ಟು ಒಣಗಿತ್ತು, ಎಷ್ಟು ನಿಮಿಷ ಹುರಿದಿರಿ, ಹುರಿದ ಮೇಲೆ ತೂಕ ಎಷ್ಟು ಇಳಿಯಿತು ಅಂತ ಯಾರೂ ಕೇಳಲ್ಲ. ಹುಳಿಯ ಕಾರಣ ಬಹುಪಾಲು ಅಲ್ಲೇ ಇರುತ್ತೆ. ಇದರಿಂದ ಹೊಸಬರಿಗೆ ನಿಜವಾಗಿಯೂ ನಷ್ಟ ಆಗ್ತಿದೆ: ಹತ್ತಾರು ಸಾವಿರ ಕೊಟ್ಟು ಮೆಷಿನ್ ತರ್ತಾರೆ, ಅದೇ ಹುಳಿ ಕಾಫಿ ಕುಡೀತಾರೆ, ಆರು ತಿಂಗಳಲ್ಲಿ ಬಿಟ್ಟುಬಿಡ್ತಾರೆ.

ನಿಮ್ಮ ಲೆಕ್ಕವನ್ನೇ ನೋಡಿ. ಪಾರ್ಚ್‌ಮೆಂಟ್ ಸಿಪ್ಪೆ ತೆಗೆದರೆ ಸಿಗೋದು ಸುಮಾರು ಶೇ. 80. ಅಂದರೆ ಐದು ಕೆ.ಜಿ.ಗೆ ನಾಲ್ಕು ಕೆ.ಜಿ. ಬೀಜ. ಹುರಿದಾಗ ಅದರಲ್ಲಿ ಶೇ. 15ರಷ್ಟು ಹೋಗುತ್ತೆ, ಉಳಿಯೋದು 3.4 ಕೆ.ಜಿ. ದಿನಕ್ಕೆ 30 ಗ್ರಾಂ ಪುಡಿ ಬಳಸುವ ಮನೆಗೆ ಇದು ಮೂರೂಮುಕ್ಕಾಲು ತಿಂಗಳಿನ ಮಾತು. ಅಷ್ಟಕ್ಕೆ ಮೆಷಿನ್ ಯಾಕೆ?

ಈಗ ಕೆಲಸಕ್ಕೆ ಬರೋಣ. ಪಾರ್ಚ್‌ಮೆಂಟನ್ನ ಸಿಪ್ಪೆ ಸಮೇತ ಹುರಿಯಬೇಡಿ, ಸಿಪ್ಪೆ ಹೊತ್ತಿಕೊಳ್ಳುತ್ತೆ, ಒಳಗಿನ ಬೀಜ ಬೇಯೋದೇ ಇಲ್ಲ. ಮೊದಲು ನಾಲ್ಕೈದು ಬೀಜ ಹಲ್ಲಲ್ಲಿ ಕಚ್ಚಿ ನೋಡಿ. ಸರಿಯಾಗಿ ಒಣಗಿದ್ದರೆ ಬೀಜ ಬಿಳಿ ಗುರುತು ಉಳಿಸದೆ ನೀಟಾಗಿ ಸೀಳುತ್ತೆ. ಹಲ್ಲು ಒಳಗೆ ಇಳಿದು ಮೆತ್ತಗೆ ಅನ್ನಿಸಿದರೆ ಕಣದಿಂದ ಬೇಗ ಎತ್ತಿದ್ದಾರೆ ಅಂತ ಅರ್ಥ, ತೆಳ್ಳಗೆ ಹರಡಿ ಇನ್ನೆರಡು ಬಿಸಿಲು ಕೊಡಿ. ಪಾರ್ಚ್‌ಮೆಂಟ್‌ನಲ್ಲಿ ತೇವ ಶೇ. 10ರ ಆಸುಪಾಸು ಇರಬೇಕು. ನೆಂಟರ ಮನೆಯಿಂದ ಬಂದಿದ್ದು ಪಾರ್ಚ್‌ಮೆಂಟ್ ಅಲ್ಲದೆ ಚೆರಿ (ಹಣ್ಣನ್ನ ಇಡಿಯಾಗಿ ಒಣಗಿಸಿದ್ದು) ಆಗಿದ್ದರೆ ಹಿಡಿ ತುಂಬ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿ, ಗಲಗಲ ಸದ್ದು ಬರಬೇಕು. ಚೆರಿಯಲ್ಲಿ ಬೀಜ ಸಿಗೋದು ಹೆಚ್ಚುಕಡಿಮೆ ಅರ್ಧ ಮಾತ್ರ, ಲೆಕ್ಕ ಹಾಕುವಾಗ ನೆನಪಿರಲಿ.

ಸಿಪ್ಪೆ ತೆಗೆಯೋಕೆ ಒರಳಿನಲ್ಲಿ ಅರ್ಧ ಕೆ.ಜಿ. ಹಾಕಿ ಒನಕೆಯಿಂದ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ. ಜೋರಾಗಿ ಕುಟ್ಟಿದರೆ ಬೀಜ ಒಡೆಯುತ್ತೆ, ಒಡೆದ ಚೂರು ಇಡೀ ಬೀಜಕ್ಕಿಂತ ಮೊದಲೇ ಸುಟ್ಟುಹೋಗುತ್ತೆ. ಮಿಕ್ಸಿಯಲ್ಲಿ ಸಿಪ್ಪೆ ಬಿಡಿಸುವ ಉಪಾಯ ಹೇಳೋರಿದ್ದಾರೆ, ಬೇಡ, ಕಾಲು ಭಾಗ ನುಚ್ಚಾಗುತ್ತೆ. ಒರಳು ಇಲ್ಲದಿದ್ದರೆ ಸಣ್ಣ ಹಲ್ಲರ್ (ಸಿಪ್ಪೆ ಬಿಡಿಸುವ ಮೆಷಿನ್) ಇರುವ ಕಡೆ ವಿಚಾರಿಸಿ.

ಆಮೇಲೆ ಬೀಜ ಆರಿಸೋದು. ಹವ್ಯಾಸಿಗಳು ಯಾರೂ ಹೇಳದ, ಆದರೆ ಲೋಟದಲ್ಲಿ ಎದ್ದು ಕಾಣುವ ಕೆಲಸ ಇದು. ತಟ್ಟೆಯಲ್ಲಿ ಒಂದೊಂದೇ ಹಿಡಿ ಹರಡಿಕೊಂಡು ಕಪ್ಪು ಬೀಜ, ಸೂಜಿ ಚುಚ್ಚಿದ ಹಾಗೆ ತೂತಿರುವ ಬೀಜ (ಕಾಯಿಕೊರಕ ತಿಂದದ್ದು), ಚಿಪ್ಪಿನಂತೆ ಟೊಳ್ಳಾದದ್ದು, ಬೂಷ್ಟು ವಾಸನೆ ಬರೋದು, ಎಲ್ಲ ತೆಗೆಯಿರಿ. ಒಂದೇ ಲಡ್ಡಾದ ಬೀಜ ಇಡೀ ಫಿಲ್ಟರ್ ಡಿಕಾಕ್ಷನ್ ಕೆಡಿಸಬಲ್ಲದು. ಉಂಡೆಯಾಗಿರುವ ಒಂಟಿ ಬೀಜವನ್ನ (ಪೀಬೆರಿ) ಬೇರೆ ಇಡಿ. ಅದು ಕೆಟ್ಟದ್ದಲ್ಲ, ಬಾಣಲೆಯಲ್ಲಿ ಉರುಳುತ್ತಾ ಬೇರೆ ಲಯದಲ್ಲಿ ಹುರಿಯುತ್ತೆ ಅಷ್ಟೇ. ನಮ್ಮ ಕಡೆಯ ಬಹಳಷ್ಟು ತೋಟಗಳಲ್ಲಿ ಎಸ್. 795 ತಳಿಯ ಜೊತೆಗೆ ಚಂದ್ರಗಿರಿ ತಳಿಯೂ ಇರೋದರಿಂದ ಬೀಜದ ಗಾತ್ರ ಬೆರೆತಿರುತ್ತೆ. ಬೀಜದ ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎ ಗ್ರೇಡಿಗೆ 6.65 ಮಿ.ಮೀ., ಬಿ ಗ್ರೇಡಿಗೆ 6 ಮಿ.ಮೀ. ತೂತಿನ ಜರಡಿ ಹಿಡಿಯೋದು ಇದಕ್ಕೇ. ಮನೆಯಲ್ಲಿ ಅಂಥ ಜರಡಿ ಇರಲ್ಲ, ತೀರಾ ಸಣ್ಣದನ್ನ ಕೈಯಲ್ಲೇ ಬೇರೆ ಮಾಡಿದರೆ ಸಾಕು.

ಹುರಿಯೋದು. ಒಂದು ಸಲಕ್ಕೆ 200 ಗ್ರಾಂ, ಹೆಚ್ಚು ಬೇಡ. ಕಿಟಕಿ ಎಲ್ಲ ತೆಗೆಯಿರಿ, ಹೊಗೆ ಬರುತ್ತೆ, ಬೀಜಕ್ಕೆ ಅಂಟಿರುವ ತೆಳು ಬೆಳ್ಳಿಪೊರೆ ಹಾರಾಡುತ್ತೆ. ಹಿತ್ತಲಲ್ಲಿ ಗ್ಯಾಸ್ ಒಲೆ ಇಟ್ಟುಕೊಳ್ಳೋದು ಉತ್ತಮ, ಆದರೆ ಗಾಳಿ ಬೀಸುವ ಕಡೆ ಬೇಡ, ಉರಿ ಹೊಯ್ದಾಡಿದರೆ ಲೆಕ್ಕ ತಪ್ಪುತ್ತೆ. ಬಾಣಲೆಯನ್ನ ಮಧ್ಯಮ ಉರಿಯಲ್ಲಿ ಮೂರು ನಿಮಿಷ ಕಾಯಿಸಿ, ಬೀಜ ಸುರಿದು ಗಡಿಯಾರ ಶುರು ಮಾಡಿ. ಕೈ ನಿಲ್ಲಿಸಬೇಡಿ. ತಳದಿಂದ ಎತ್ತಿ ಮಗುಚಬೇಕು, ಸುಮ್ಮನೆ ಸುತ್ತ ತಿರುಗಿಸಿದರೆ ಮಧ್ಯದ ಬೀಜ ಅಲ್ಲೇ ಕೂತು ಕಲೆ ಬೀಳುತ್ತೆ.

ನಾಲ್ಕೈದು ನಿಮಿಷಕ್ಕೆ ಹಸಿರು ಬೀಜ ಹಳದಿಗೆ ತಿರುಗುತ್ತೆ, ಹಸಿ ಹುಲ್ಲಿನ ವಾಸನೆ ಹೋಗಿ ಸುಟ್ಟ ರೊಟ್ಟಿಯ ಘಮ ಬರುತ್ತೆ. ಏಳನೇ ನಿಮಿಷಕ್ಕೆ ಕಂದು. ಒಂಬತ್ತು, ಹತ್ತರ ಹೊತ್ತಿಗೆ ಚಟ್ ಚಟ್ ಅಂತ ಮೊದಲ ಸಿಡಿತ. ಬೀಜದೊಳಗೆ ಸಿಕ್ಕಿಹಾಕಿಕೊಂಡ ಹಬೆ ಒಡೆದು ಹೊರಬರುವ ಸದ್ದು ಅದು, ಆಗ ಬೀಜದ ಬಿಸಿ 196 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತೆ. ಒಂದು ಎರಡು ಬೀಜ ಸಿಡಿದದ್ದಕ್ಕೆ ಲೆಕ್ಕ ಇಡಬೇಡಿ, ಎಡೆಬಿಡದೆ ಸಿಡಿಯೋಕೆ ಶುರುವಾದಾಗ ಹೊತ್ತು ಬರೆದುಕೊಂಡು ಉರಿ ಸಣ್ಣ ಮಾಡಿ. ಹಬೆ ಹೋದ ಮೇಲೆ ಬಿಸಿ ಏರೋದು ಬಲು ಬೇಗ. ಹಾಲು ಬೆರೆಸುವ ಫಿಲ್ಟರ್ ಕಾಫಿಗೆ ಅಲ್ಲಿಂದ ಎರಡೂವರೆ, ಮೂರು ನಿಮಿಷ. ಸಣ್ಣಗೆ, ಚುರುಚುರು ಅನ್ನುವ ಎರಡನೇ ಸಿಡಿತ ಇನ್ನೇನು ಬಂತು ಅನ್ನುವಾಗ ಇಳಿಸಬೇಕು. ಕಬ್ಬಿಣ ಬಿಸಿ ಬಿಡಲ್ಲ, ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಎರಡು ನಿಮಿಷದಲ್ಲಿ ಎಣ್ಣೆ ಜಿನುಗಿ ಕಪ್ಪಾಗುತ್ತೆ. ತಕ್ಷಣ ಅಗಲವಾದ ಜರಡಿಗೆ ಸುರಿದು ಟೇಬಲ್ ಫ್ಯಾನ್ ಮುಂದೆ ಕುಲುಕಿ. ನಾಲ್ಕು ನಿಮಿಷದಲ್ಲಿ ಕೈಗೆ ತಣ್ಣಗೆ ಸಿಗಬೇಕು.

ಈಗ ತೂಕ ಹಾಕಿ. 200 ಗ್ರಾಂ ಹಾಕಿದ್ದು 170 ಬಂದರೆ ಶೇ. 15 ಇಳಿದಿದೆ, ಮಧ್ಯಮ ಹದ. 176 ಬಂದರೆ ತೆಳು ಹುರಿತ. 162ಕ್ಕೆ ಇಳಿದರೆ ಕಪ್ಪು ಹುರಿತ, ಕಹಿ ಮುಂದೆ ಬರುತ್ತೆ. ಬಣ್ಣ ನೋಡಿ ಹದ ಹೇಳೋಕೆ ಬೆಳಕು ಅಡ್ಡ ಬರುತ್ತೆ, ಟ್ಯೂಬ್‌ಲೈಟಿನ ಕೆಳಗೆ ಒಂದು ಥರ, ಹಿತ್ತಲಲ್ಲಿ ಇನ್ನೊಂದು ಥರ. ತಕ್ಕಡಿಗೆ ಆ ತೊಂದರೆ ಇಲ್ಲ. ಒಂದೇ ಎಚ್ಚರಿಕೆ: ಮಳೆಗಾಲದಲ್ಲಿ ತೇವ ಎಳೆದುಕೊಂಡ ಬೀಜ ಅದೇ ಹದಕ್ಕೆ ಹುರಿದರೂ ಹೆಚ್ಚು ತೂಕ ಕಳೆದುಕೊಳ್ಳುತ್ತೆ, ಆದ್ದರಿಂದ ಹೊತ್ತನ್ನೂ ತೂಕವನ್ನೂ ಜೊತೆಯಾಗಿ ಓದಬೇಕು.

ಕೆಡುವ ರೀತಿ ಮುಖ್ಯವಾಗಿ ಮೂರು. ಉರಿ ಜೋರಾಗಿ ಆರು ನಿಮಿಷಕ್ಕೇ ಸಿಡಿತ ಬಂದರೆ ಹೊರಗೆ ಕಂದು, ಒಳಗೆ ಹಸಿ. ಬೀಜ ಒಡೆದು ನೋಡಿದರೆ ನಡುವೆ ತಿಳಿಬಣ್ಣ ಕಾಣುತ್ತೆ, ಕಾಫಿ ಹುಳಿಯಾಗಿ ಹುಲ್ಲಿನ ರುಚಿ ಕೊಡುತ್ತೆ. ಇದಕ್ಕೆ ಗ್ರೈಂಡರ್ ಬದಲಾಯಿಸಿ ಪ್ರಯೋಜನವಿಲ್ಲ. ಎರಡನೆಯದು ಇದರ ವಿರುದ್ಧ: ಭಯಪಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಎಳೆಯೋದು. ನೋಡೋಕೆ ಚಂದ, ಸಮವಾದ ಬಣ್ಣ, ಆದರೆ ಘಮವೇ ಇಲ್ಲದ ಸಪ್ಪೆ ಕಾಫಿ. ಹೊಸಬರು ಮಾಡೋದು ಹೆಚ್ಚಾಗಿ ಇದನ್ನೇ, ಮತ್ತು ಬಣ್ಣ ಚೆನ್ನಾಗಿರೋದರಿಂದ ತಪ್ಪು ಎಲ್ಲಿದೆ ಅಂತ ಗೊತ್ತಾಗಲ್ಲ. ಮೂರನೆಯದು ಕೈ ನಿಲ್ಲಿಸಿದ್ದಕ್ಕೆ ಬೀಳುವ ಕಪ್ಪು ಕಲೆ.

ಕೆಲವರು ಹೇಳುವ ಬಿಸಿಗಾಳಿ ಪಾಪ್‌ಕಾರ್ನ್ ಮೆಷಿನ್ 80, 100 ಗ್ರಾಂಗೆ ಆಗುತ್ತೆ. ತಾನೇ ಕಲಕುತ್ತೆ ಅನ್ನೋದು ಲಾಭ. ಆದರೆ ಬಹಳ ವೇಗ, ಐದಾರು ನಿಮಿಷಕ್ಕೆ ಮುಗಿದುಹೋಗುತ್ತೆ. ಮಲೆನಾಡಿನ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಅದೇ ಮೆಷಿನ್ ಹನ್ನೆರಡು ನಿಮಿಷ ಎಳೆಯುತ್ತೆ, ನಡುವೆ ಕರೆಂಟ್ ಹೋದರೆ ಗಾಳಿ ನಿಂತು ಬೀಜ ಒಳಗೇ ಸುಡುತ್ತೆ. ತಿರುಗುವ ಡ್ರಮ್ಮಿನಲ್ಲಿ ಹುರಿಯುವ ಮೆಷಿನ್ (ಡ್ರಮ್ ರೋಸ್ಟರ್) ಬೇಕಾಗೋದು ವಾರಕ್ಕೆ ಒಂದು ಕೆ.ಜಿ. ದಾಟಿದಾಗ, ಕೈ ನೋಯೋಕೆ ಶುರುವಾದಾಗ. ಆಗ ತಗೊಳ್ಳಿ, ಅಷ್ಟರಲ್ಲಿ ಏನು ಬೇಕು ಅಂತ ನಿಮಗೇ ಗೊತ್ತಿರುತ್ತೆ.

ಹುರಿದ ಬೀಜ ಒಂದು ದಿನ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯಲ್ಲಿರಲಿ, ಗ್ಯಾಸ್ ಹೊರಹೋಗಬೇಕು. ಆಮೇಲೆ ಬಿಗಿ ಮುಚ್ಚಿ ಎರಡು, ಮೂರು ವಾರದಲ್ಲಿ ಮುಗಿಸಿ. ಪುಡಿಗೆ ಮಿಕ್ಸಿ ಆಗುತ್ತೆ: 30 ಗ್ರಾಂ ಹಾಕಿ, ಮೂರು ಸೆಕೆಂಡ್ ಓಡಿಸಿ ನಿಲ್ಲಿಸಿ, ಕುಲುಕಿ, ಮತ್ತೆ ಓಡಿಸಿ. ಒಂದೇ ಸಮ ಓಡಿಸಿದರೆ ಪುಡಿ ಬಿಸಿಯಾಗಿ ಘಮ ಹೋಗುತ್ತೆ, ಹಿಟ್ಟಿನಂಥ ನುಣುಪು ಫಿಲ್ಟರಿನ ತೂತು ಮುಚ್ಚುತ್ತೆ. ಕಾಫಿಪುಡಿ ಅಂಗಡಿಯಲ್ಲಿ ಪುಡಿ ಮಾಡಿಸಿದರೆ ಮೊದಲ ಹಿಡಿಯನ್ನ ಬೇರೆ ಹಿಡಿಯಿರಿ, ಮೆಷಿನ್ನಿನೊಳಗಿನ ಹಳೇ ಪುಡಿ ಅದರಲ್ಲಿ ಬಂದಿರುತ್ತೆ.

ಡಿಗ್ರಿ ತೋರಿಸುವ ಕೆಟಲ್ ಬೇಕೇ ಬೇಕು ಅಂತ ಹಟ ಹಿಡಿಯೋರಿಗೆ ಒಂದು ಮಾತು. ಅವರು ಓದಿರುವ ಪುಸ್ತಕದ ಪ್ರಕಾರ ನೀರು 93ರಿಂದ 96 ಡಿಗ್ರಿ ಇರಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ, ಅಲ್ಲಿ ನೀರು ಕುದಿಯೋದೇ 96ರ ಸುಮಾರಿಗೆ. ಹಾಸನದಲ್ಲಿ 97ರ ಹತ್ತಿರ. ಕುದಿಯುವ ನೀರನ್ನ ಹಾಗೇ ಹುಯ್ಯಿರಿ, ಫಿಲ್ಟರ್ ತಾಕುವಷ್ಟರಲ್ಲಿ ಸರಿಯಾದ ಬಿಸಿಗೆ ಬಂದಿರುತ್ತೆ. 30 ಗ್ರಾಂ ಪುಡಿ, ಮೇಲಿನ ಬಿಲ್ಲೆಯನ್ನ ಒತ್ತದೆ ಹಗುರಕ್ಕೆ ಇಡಿ, 180 ಮಿ.ಲೀ. ನೀರು. ಪುಡಿಯೇ 60 ಮಿ.ಲೀ. ಕುಡಿಯುತ್ತೆ, ಕೆಳಗೆ 120 ಮಿ.ಲೀ. ಇಳಿಯುತ್ತೆ. ಹದಿನೈದು, ಇಪ್ಪತ್ತು ನಿಮಿಷ ಹಿಡಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪ, ಗಂಟೆ ಆದರೂ ಇಳಿಯದಿದ್ದರೆ ತೀರಾ ನುಣ್ಣಗೆ.

ಚಿಕೋರಿ ನಿಮ್ಮ ಇಷ್ಟ. ಡಿಕಾಕ್ಷನ್ನಿಗೆ ಬಣ್ಣ, ಮಂದ ಕೊಡುತ್ತೆ, ಕಾಫಿಯ ಘಮ ಕೊಡಲ್ಲ. ಮಾರುವ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು ಅನ್ನೋದು ನಿಯಮ, ಮನೆಗೆ ಶೇ. 15, 20 ಧಾರಾಳ. ಮೊದಲ ಕೆಲವು ಸಲ ಹಾಕದೆ ಕುಡಿಯಿರಿ. ಹುರಿತದ ತಪ್ಪನ್ನ ಚಿಕೋರಿ ಮುಚ್ಚಿಬಿಡುತ್ತೆ, ನಿಮಗೆ ಕಲಿಯೋಕೆ ಆಗಲ್ಲ.

ಉಳಿದ ಪಾರ್ಚ್‌ಮೆಂಟಿನ ಸಿಪ್ಪೆಯನ್ನ ಒಟ್ಟಿಗೆ ತೆಗೆದಿಡಬೇಡಿ. ಆ ಸಿಪ್ಪೆಯೇ ಅದಕ್ಕೆ ರಕ್ಷಣೆ. ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಬಿಡಿಸಿ, ಜೂನ್ ಮಳೆ ಹಿಡಿಯುವ ಮೊದಲು ಉಳಿದದ್ದನ್ನ ಗಾಳಿ ಆಡದ ಡಬ್ಬಿಗೆ ತುಂಬಿ ನೆಲದಿಂದ ಮೇಲೆ ಇಡಿ. ಬೀಜ ಬಿಳಿಚಿಕೊಂಡು ಉಬ್ಬಿದ್ದರೆ ತೇವ ಕುಡಿದಿದೆ.

ಹುರಿದಾದ ಮೇಲೆ ರುಚಿ ಸರಿ ಬರಲಿಲ್ಲ ಅಂದರೆ ಮತ್ತೆ ಬಂದು ಕೇಳಿ. ಕೇಳುವಾಗ ಬಾಣಲೆಯ ಹೆಸರು ಬರೆಯಬೇಡಿ, ಹಾಕಿದ ತೂಕ, ಸಿಡಿತ ಶುರುವಾದ ನಿಮಿಷ, ಇಳಿಸಿದ ನಿಮಿಷ, ಹುರಿದ ಮೇಲಿನ ತೂಕ, ಈ ನಾಲ್ಕು ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಉರಿ ಬದಲಿಸಿದ ದಿನ ಪುಡಿಯ ಹದ ಮುಟ್ಟಬೇಡಿ. ಆ ನಾಲ್ಕು ಅಂಕಿ ಕೇಳದೆ ಮೆಷಿನ್ ಹೆಸರು ಹೇಳುವವರಿಗೆ ನೀವೇ ಆ ಅಂಕಿ ಕೊಟ್ಟು, ಇದರಲ್ಲಿ ಏನು ತಪ್ಪಿದೆ ಹೇಳಿ ಅಂತ ಕೇಳಿ. ಗೊತ್ತಿರೋರು ಅಲ್ಲಿಂದಲೇ ಉತ್ತರ ಶುರು ಮಾಡ್ತಾರೆ.