ಮೇಲುಕೋಟೆಗೆ ಒಂದೇ ದಿನ ಹೋದರೆ ನೆಂಟರ ಮನೆ ಮೊದಲೋ, ಬೆಟ್ಟ ಮೊದಲೋ?

ನಾಲ್ಕು ಮನೆ, ಒಂದೇ ದಿನ, ಬೆಳಗ್ಗೆ ನೆಂಟರು, ಊಟ ಆದಮೇಲೆ ನಡಿಗೆ, ಅದಕ್ಕೊಂದು ಒಳ್ಳೆ ಮ್ಯಾಪ್ ಆಪ್ ಯಾವುದು ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ಹೋಗಿದ್ದೆ. ಮೇಲುಕೋಟೆ ನಮ್ಮಪ್ಪನ ಊರು. ನಾವು ಬೆಳೆದದ್ದು ಬೆಂಗಳೂರಲ್ಲಿ. ಮದುವೆ, ತಿಥಿ ಅಂತ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದದ್ದೇ ಹೊರತು ಊರನ್ನು ಕಾಲಲ್ಲಿ ನಡೆದು ನೋಡಿದ್ದೇ ಇಲ್ಲ. ಆ ಸಲ ನೋಡೇಬಿಡೋಣ ಅಂತ ಹೊಸ ಶೂ ಬೇರೆ ತಗೊಂಡಿದ್ದೆ.

ಒಂಬತ್ತಕ್ಕೆ ಸೋದರತ್ತೆ ಮನೆ ಸೇರಿದೆ. ತಿಂಡಿ ತಿಂದು ಹತ್ತಕ್ಕೆ ಎದ್ದುಬಿಡೋದು ಅಂತ ಅಂದಾಜು. ಆದರೆ ಅದು ಅವರೆಕಾಯಿ ಕಾಲ. ಅತ್ತೆ ಹಿಂದಿನ ದಿನವೇ ಕಾಳು ನೆನೆಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹಿತುಕಿಸಿದ್ದರು. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ, ಸಿಪ್ಪೆಯಿಂದ ಬೇಳೆ ಹಾರಿಸಬೇಕು, ಒಂದು ಪಾತ್ರೆ ತುಂಬೋಕೆ ಬೆರಳ ತುದಿ ಸೆಳೆಯುತ್ತೆ. ಅಷ್ಟು ಮಾಡಿದವರ ಮುಂದೆ ಊಟಕ್ಕಿರಲ್ಲ ಅನ್ನೋಕೆ ಬಾಯಿ ಬರುತ್ತಾ? ಮುದ್ದೆ ಉಂಡೆ. ಇನ್ನೊಂದು ಅರ್ಧ ಹಾಕಿದರು, ಅದನ್ನೂ ಉಂಡೆ. ಶೂ ಕಟ್ಟೋಕೆ ಬಗ್ಗಿದರೆ, "ಈ ಬಿಸ್ಲಲ್ಲಿ ಯಾರಾದ್ರೂ ಬೆಟ್ಟ ಹತ್ತಾರಾ, ಒಂದ್ ಗಳಿಗೆ ಮಲ್ಕೊ ಮಗಾ" ಅಂದರು. ಎದ್ದಾಗ ನಾಲ್ಕು ದಾಟಿತ್ತು. ಆಮೇಲೆ ಕಾಫಿ, ಆಮೇಲೆ ಹಳೇ ಫೋಟೋ.

ಇಲ್ಲಿವರೆಗೂ ನಡೆದದ್ದು ಎಲ್ಲರಿಗೂ ನಡೆಯುವಂಥದ್ದೇ, ಬಿಡಿ. ನಾನು ಕೆಡಿಸಿಕೊಂಡದ್ದು ಅಲ್ಲಿಂದ ಹೊರಗೆ ಬಂದಮೇಲೆ. ಕೈಯಲ್ಲಿ ಉಳಿದದ್ದು ಒಂದು ಗಂಟೆ ಬೆಳಕು. ಚಿಕ್ಕಪ್ಪನ ಮನೆ ಎರಡು ಬೀದಿ ಆಚೆ. ಅಲ್ಲಿಗೆ ಹೋದರೆ ಮತ್ತೆ ಕೂರಿಸುತ್ತಾರೆ, ಹತ್ತೇ ನಿಮಿಷಕ್ಕೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ಅದಕ್ಕಿಂತ ಹೋಗದೇ ಇರೋದೇ ವಾಸಿ, ಇನ್ನೊಂದು ಸಲ ಬಿಡುವು ಮಾಡಿಕೊಂಡು ಬಂದರಾಯ್ತು ಅಂತ ಸೀದಾ ರಾಯಗೋಪುರಕ್ಕೆ ನಡೆದೆ. ಕಟ್ಟಿ ಮುಗಿಸದೆ ಹಾಗೇ ಬಿಟ್ಟ ಗೋಪುರ, ಎತ್ತರದ ನಾಲ್ಕು ಕಂಬ. ಅಲ್ಲಿ ಸಂಜೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಷ್ಟು ಸಣ್ಣ ಊರಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಒಬ್ಬರೇ ಓಡಾಡುವವರು ಎಷ್ಟು ಜನ ಇರುತ್ತಾರೆ? ನಾನು ಬಸ್ಸು ಹತ್ತುವ ಮೊದಲೇ ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿತ್ತು: ನಿಮ್ಮಣ್ಣನ ಮಗ ಗೋಪುರದ ಹತ್ರ ಕಲ್ಲು ಫೋಟೋ ಹಿಡೀತಾ ನಿಂತಿದ್ದ.

ಅವರು ಜಗಳ ಆಡಲಿಲ್ಲ. ಫೋನಿನಲ್ಲೂ ಏನೂ ಅನ್ನಲಿಲ್ಲ. ಆಮೇಲೆ ಅವರ ಮಗಳ ಮದುವೆ ಆಯ್ತು. ಬೆಂಗಳೂರಿನಲ್ಲಿದ್ದ ನಮ್ಮ ನೆಂಟರಿಗೆಲ್ಲ ಮನೆಗೇ ಬಂದು, ಅರಿಶಿನ ಕುಂಕುಮ ಕೊಟ್ಟು ಲಗ್ನಪತ್ರಿಕೆ ಇಟ್ಟು ಕರೆದರು. ನನಗೆ ವಾಟ್ಸಾಪಲ್ಲಿ ಬಂತು.

ಹೋಗಿದ್ದರೆ ಏನಾಗುತ್ತಿತ್ತು? ಬಾಗಿಲಲ್ಲೇ ನಿಂತು ಒಂದು ಲೋಟ ಮಜ್ಜಿಗೆ ಕುಡಿದು, "ಕತ್ತಲಾಗೋದ್ರೊಳಗೆ ಗೋಪುರ ನೋಡ್ಬೇಕು ಚಿಕ್ಕಪ್ಪ" ಅಂದಿದ್ದರೆ ಬೈದು ಕಳಿಸುತ್ತಿದ್ದರು. ಬೈಸಿಕೊಂಡರೆ ಅಲ್ಲಿಗೆ ಮುಗೀತು. ಅರ್ಧ ದಿನ ಕೂರಲು ಆಗದಿದ್ದರೆ ಹೋಗಲೇಬಾರದು ಅಂತ ನಾವು ಪಟ್ಟಣದಲ್ಲಿ ಬೆಳೆದವರು ಅಂದುಕೊಂಡಿರುತ್ತೇವೆ. ಊರಲ್ಲಿ ಎಷ್ಟು ಹೊತ್ತು ಕೂತೆ ಅಂತ ಯಾರೂ ಲೆಕ್ಕ ಇಡಲ್ಲ, ಹೊಸ್ತಿಲು ತುಳಿದೆಯಾ ಇಲ್ಲವಾ ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ನೆಂಟರಿಗಿಷ್ಟು ಗಂಟೆ, ನಡಿಗೆಗಿಷ್ಟು ಗಂಟೆ ಅಂತ ಹಂಚೋದನ್ನೇ ಬಿಡಿ. ಆಪ್ ಕೂಡ ಬೇಡ. ಹಿಂದಿನ ಸಂಜೆಯೇ ಹೋಗಿ ಒಬ್ಬರ ಮನೆಯಲ್ಲಿ ಮಲಗಿ. ಬೆಳಕು ಹರಿಯುವಾಗ ಕಲ್ಯಾಣಿ ಹತ್ತಿರ ಇರಿ. ಯೋಗನರಸಿಂಹನ ಬೆಟ್ಟಕ್ಕೆ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು, ಮಧ್ಯಾಹ್ನ ಬರಿಗಾಲಲ್ಲಿ ಹತ್ತಿದರೆ ಅಂಗಾಲು ಸುಡುತ್ತೆ, ಬೆಳಗ್ಗೆ ಅದೇ ಕಲ್ಲು ತಣ್ಣಗಿರುತ್ತೆ. ದೇವಸ್ಥಾನದ ಬಾಗಿಲು ತೆಗೆದಿಲ್ಲ ಅಂದರೂ ಪರವಾಗಿಲ್ಲ, ಮೇಲಿಂದ ಇಡೀ ಊರು, ಕೆಳಗೆ ಚೌಕಾಕಾರದ ಕಲ್ಯಾಣಿ, ಎಲ್ಲ ಕಾಣುತ್ತೆ. ಇಳಿದು ಹಸಿದ ಹೊಟ್ಟೆಯಲ್ಲಿ ನೆಂಟರ ಮನೆಗೆ ಹೋಗಿ. ಬೆವರಿಕೊಂಡು ಬಂದವರು ಬಡಿಸಿದ್ದನ್ನೆಲ್ಲ ತಿಂದರೆ ಅವರಿಗೂ ಖುಷಿ ಅಲ್ವಾ.

ಇನ್ನು ದಾರಿ ಕೇಳೋದನ್ನು ಅವರನ್ನೇ ಕೇಳಿ, ಸುಮ್ನೆ ಇಂಟರ್ನೆಟ್ಟಲ್ಲಿ ಹುಡುಕಬೇಡಿ. ನೀವು ಟ್ರೆಕಿಂಗ್ ಟ್ರೇಲ್ ಅನ್ನುವುದು ಅವರಿಗೆ ಕಾರ್ತಿಕದ ಅಷ್ಟತೀರ್ಥೋತ್ಸವದ ದಾರಿ. ಉತ್ಸವ ಬೆಟ್ಟದ ಸುತ್ತ ತೀರ್ಥದಿಂದ ತೀರ್ಥಕ್ಕೆ ಹೋಗುತ್ತದೆ, ಊರಿನವರು ಹಿಂದೆ ನಡೆಯುತ್ತಾರೆ. ನಾನು ಆಮೇಲೆ ಹೋದಾಗ ಶೂ ಬಿಚ್ಚದೆ ಚಿಕ್ಕಪ್ಪನ ಜಗಲಿ ಮೇಲೆ ನಿಂತು ಧನುಷ್ಕೋಟಿಗೆ (ರಾಮೇಶ್ವರದ್ದಲ್ಲ, ಮೇಲುಕೋಟೆಯದೇ) ಹೇಗೆ ಹೋಗೋದು ಅಂತ ಕೇಳಿದೆ. ಚಿಕ್ಕಮ್ಮ ಒಳಗಿಂದಲೇ, "ದಾರಿ ಕೇಳೋಕಾದ್ರೂ ನಮ್ಮನೆ ನೆಪ್ಪಾಯ್ತಲ್ಲ" ಅಂದರು. ಚಿಕ್ಕಪ್ಪ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಕೋಲು ತಗೊಂಡು ಮುಂದೆ ನಡೆದರು. ಅಕ್ಕತಂಗಿ ಕೊಳದ ಹತ್ತಿರ ಬಾಯಿಬಿಟ್ಟರು. ಎರಡು ಕೊಳ ಪಕ್ಕಪಕ್ಕದಲ್ಲೇ, ಒಂದರ ನೀರು ಕುಡಿಯೋಕೆ, ಇನ್ನೊಂದರದು ಬಳಸೋಕೆ ಅಂತ ಹೇಳಿ, ಚಿಕ್ಕವರಿದ್ದಾಗ ತಪ್ಪು ಕೊಳದಲ್ಲಿ ಕಾಲಿಟ್ಟು ನಮ್ಮಪ್ಪ ಏಟು ತಿಂದ ಕತೆ ಶುರು ಮಾಡಿದರು. ಧನುಷ್ಕೋಟಿಯಲ್ಲಿ ಸೀತೆಗೆ ಬಾಯಾರಿಕೆ ಆಗಿ ರಾಮ ಬಾಣ ಬಿಟ್ಟು ನೀರು ತರಿಸಿದ ಅನ್ನುವ ಕಲ್ಲು ತೋರಿಸುವವರೆಗೂ ಅದೇ ನಡೆಯಿತು. ಅಪ್ಪ ನನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ, ಏಟು ತಿಂದದ್ದು ಅವರಲ್ವಾ.

ಒಬ್ಬರೇ ಹೋಗಬೇಡಿ ಅನ್ನೋಕೆ ಇನ್ನೊಂದು ಕಾರಣವೂ ಇದೆ. ಸುತ್ತಲಿನ ಕಾಡು 1974ರಿಂದ ವನ್ಯಜೀವಿ ಧಾಮ. ತೋಳ ಇವೆ, ಚಿರತೆ ಇವೆ. ಎಲ್ಲಿವರೆಗೆ ಹೋಗಬಹುದು, ಯಾವ ದಾರಿಗೆ ಅರಣ್ಯ ಇಲಾಖೆಯವರನ್ನು ಕೇಳಬೇಕು ಅಂತ ಅಲ್ಲಿಯವರಿಗೇ ಗೊತ್ತಿರೋದು. ಕತ್ತಲಾದ ಮೇಲೆ ಊರಿನ ಅಂಚು ದಾಟಬೇಡಿ.

ನಾಲ್ಕೂ ಮನೆಯಲ್ಲಿ ಊಟ ಮಾಡೋಕೆ ಆಗಲ್ಲ, ಮೊದಲೇ ಫೋನ್ ಮಾಡಿ ಯಾವ ಮನೆಯಲ್ಲಿ ಊಟ ಅಂತ ಹೇಳಿಬಿಡಿ, ಉಳಿದ ಮೂರಕ್ಕೆ ನಿಂತುಕೊಂಡೇ ಮಜ್ಜಿಗೆ. ಮಾರ್ಚ್ ಏಪ್ರಿಲ್‌ನಲ್ಲಿ ಚೆಲುವನಾರಾಯಣನ ವೈರಮುಡಿ ಉತ್ಸವ ಇರುವ ದಿನಗಳಲ್ಲಿ ಮಾತ್ರ ಈ ಪ್ಲ್ಯಾನ್ ಬೇಡ. ಆಗ ಮೆಟ್ಟಿಲ ಮೇಲೆ ಕಾಲಿಡೋಕೆ ಜಾಗ ಇರಲ್ಲ, ನೆಂಟರ ಮನೆಯಲ್ಲಿ ಚಾಪೆ ಹಾಸೋಕೂ ಇರಲ್ಲ.