ಪಾಸ್‌ವರ್ಡ್ ಸರಿಯಿದೆ, ಒಳಗೆ ಮಾತ್ರ ಬಿಡುತ್ತಿಲ್ಲ

ಪ್ರಶ್ನೆ: ನಮ್ಮ ಮನೆ, ಅಮ್ಮನ ಮನೆ, ಬಾಡಿಗೆಗೆ ಕೊಟ್ಟಿರುವ ಎರಡು ಮನೆ, ಹೀಗೆ ನಾಲ್ಕು ಬಿಲ್‌ಗಳನ್ನು ತಿಂಗಳಿಗೊಮ್ಮೆ ಒಂದು ಗ್ರಾಹಕ ಪೋರ್ಟಲ್‌ನಿಂದ ತೆಗೆಯಲು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಪೋರ್ಟಲ್‌ನವರು ಎಪಿಐ (ಪ್ರೋಗ್ರಾಂಗಳು ನೇರವಾಗಿ ಮಾಹಿತಿ ಪಡೆಯುವ ದಾರಿ) ಕೊಟ್ಟಿಲ್ಲ. ಲಾಗಿನ್‌ಗೆ 200 ಎಂದೇ ಉತ್ತರ ಬರುತ್ತದೆ, ಆದರೆ ಬಿಲ್ ಪುಟ ಕೇಳಿದರೆ ಮತ್ತೆ ಲಾಗಿನ್ ಪುಟವೇ. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ಸಲೀಸಾಗಿ ಹೋಗುತ್ತದೆ.
ಓದುಗರು, ರಾಜಾಜಿನಗರ

ಉತ್ತರ: 200 ನೋಡಿ ಮೋಸ ಹೋಗಬೇಡಿ. 'ಪುಟ ಕೊಟ್ಟಿದ್ದೇನೆ' ಎಂದಷ್ಟೇ ಅದರ ಅರ್ಥ. 'ಪಾಸ್‌ವರ್ಡ್ ತಪ್ಪಿದೆ' ಎನ್ನುವ ಪುಟವನ್ನೂ ಎಷ್ಟೋ ತಾಣಗಳು 200 ಹಾಕಿಯೇ ಕಳಿಸುತ್ತವೆ. ಮೊದಲು ಬಂದ ಉತ್ತರವನ್ನು ಒಂದು ಎಚ್‌ಟಿಎಂಎಲ್ ಫೈಲಿಗೆ ಉಳಿಸಿ, ತೆರೆದು ಓದಿ. ಕಾರಣ ಅಲ್ಲೇ ಒಂದು ಸಾಲಿನಲ್ಲಿ ಬರೆದಿದ್ದರೂ ಇರಬಹುದು. ಸ್ಕ್ರಿಪ್ಟ್ ಕೂಡ ಸಂಖ್ಯೆಯನ್ನು ನಂಬದೆ, ಪುಟದಲ್ಲಿ 'ಲಾಗ್ ಔಟ್' ಕೊಂಡಿಯೋ ನಿಮ್ಮ ಗ್ರಾಹಕ ಸಂಖ್ಯೆಯೋ ಇದೆಯೇ ಎಂದು ನೋಡಿಯೇ ಮುಂದೆ ಹೋಗಲಿ.

ಆಮೇಲೆ ಬ್ರೌಸರ್ ಏನು ಕಳಿಸುತ್ತದೆ, ನಿಮ್ಮ ಸ್ಕ್ರಿಪ್ಟ್ ಏನು ಕಳಿಸುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ 'ಪ್ರಿಸರ್ವ್ ಲಾಗ್'ಗೆ ಟಿಕ್ ಹಾಕಿ. ಇದನ್ನು ಮರೆತರೆ ಪುಟ ಬದಲಾದ ಕೂಡಲೇ ನಿಮಗೆ ಬೇಕಾದ ಸಾಲೇ ಮಾಯ. ಒಮ್ಮೆ ಲಾಗಿನ್ ಆಗಿ, ಪೋಸ್ಟ್ (ಮಾಹಿತಿ ಕಳಿಸುವ ಕೋರಿಕೆ) ಎಂದಿರುವ ಸಾಲಿನ ಮೇಲೆ ಕ್ಲಿಕ್ ಮಾಡಿ, ಪೇಲೋಡ್ (ಕಳಿಸಿದ ಮಾಹಿತಿ) ನೋಡಿ. ಯೂಸರ್ ಹೆಸರು, ಪಾಸ್‌ವರ್ಡ್ ಎರಡೇ ಇರುತ್ತವೆಂದು ನೀವು ಅಂದುಕೊಂಡಿರುತ್ತೀರಿ. ಅಲ್ಲಿ ಐದಾರು ಇರುತ್ತವೆ.

ಪೋರ್ಟಲ್ ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನದಾಗಿದ್ದರೆ ವ್ಯೂಸ್ಟೇಟ್, ಇವೆಂಟ್‌ವ್ಯಾಲಿಡೇಷನ್ ಎಂಬ ಮಾರುದ್ದದ ಗುಪ್ತ ಫೀಲ್ಡ್‌ಗಳು ಕಾಣುತ್ತವೆ. ಅವುಗಳ ಜೊತೆಗೇ, ಬಹಳ ಜನ ಬಿಟ್ಟುಬಿಡುವ ಇನ್ನೊಂದು: ಲಾಗಿನ್ ಬಟನ್‌ನ ಹೆಸರು ಮತ್ತು ಅದರ ವ್ಯಾಲ್ಯೂ (ಮೌಲ್ಯ). ಬಟನ್ ಒತ್ತಿದ್ದಾರೆ ಎಂದು ಸರ್ವರ್‌ಗೆ ಗೊತ್ತಾಗುವುದು ಆ ಜೋಡಿಯಿಂದಲೇ. ಗುಪ್ತ ಫೀಲ್ಡ್‌ಗಳನ್ನಷ್ಟೇ ಹೆಕ್ಕಿ ಕಳಿಸಿದರೆ ಸರ್ವರ್ ಪಾಸ್‌ವರ್ಡನ್ನು ನೋಡುವ ಗೋಜಿಗೇ ಹೋಗದೆ ಅದೇ ಪುಟವನ್ನು 200 ಸಮೇತ, ತಪ್ಪಿನ ಸಂದೇಶವೂ ಇಲ್ಲದೆ, ವಾಪಸ್ ಕೊಡುತ್ತದೆ. ನೀವು ಹೇಳುತ್ತಿರುವ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಜಾಂಗೋದಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು) ಕಟ್ಟಿದ ತಾಣವಾದರೆ ಗುಪ್ತ ಫೀಲ್ಡ್ ಸಿಎಸ್‌ಆರ್‌ಎಫ್ ಟೋಕನ್, ಅಂದರೆ ಕೋರಿಕೆ ಆ ತಾಣದ ಪುಟದಿಂದಲೇ ಬಂದಿದೆ ಎಂದು ತೋರಿಸುವ ಗುರುತು. ಅದರ ಜೋಡಿ ಕುಕಿಯಲ್ಲಿ (ತಾಣ ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತು) ಇರುತ್ತದೆ, ಎರಡೂ ತಾಳೆಯಾಗಬೇಕು. ಎಚ್‌ಟಿಟಿಪಿಎಸ್‌ನಲ್ಲಿ ಕೋರಿಕೆ ಎಲ್ಲಿಂದ ಬಂತೆಂದು ಹೇಳುವ ಒರಿಜಿನ್ ಅಥವಾ ರೆಫರರ್ ಹೆಡರ್ ಇಲ್ಲದಿದ್ದರೂ 403 (ಪ್ರವೇಶವಿಲ್ಲ). ಬ್ರೌಸರ್‌ನಿಂದ ಟೋಕನ್, ಕುಕಿ ಎರಡನ್ನೂ ಕಾಪಿ ಮಾಡಿ ಸ್ಕ್ರಿಪ್ಟಿನೊಳಗೆ ಅಂಟಿಸಿಟ್ಟರೆ ಇವತ್ತು ನಡೆದರೂ ಕುಕಿಯ ಆಯಸ್ಸು ಮುಗಿದ ದಿನ ಕೈಕೊಡುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಒಂದೇ ಒಂದು ಸೆಷನ್ (ಕುಕಿಗಳನ್ನು ನೆನಪಿಟ್ಟುಕೊಳ್ಳುವಂಥದ್ದು) ಮಾಡಿ, ಅದರಲ್ಲೇ ಲಾಗಿನ್ ಪುಟವನ್ನು ಗೆಟ್ ಮಾಡಿ (ತರಿಸಿಕೊಂಡು), ಫಾರ್ಮ್‌ನ ಫೀಲ್ಡ್‌ಗಳನ್ನೆಲ್ಲ ಆಗಿಂದಾಗಲೇ ಓದಿ, ಯೂಸರ್, ಪಾಸ್‌ವರ್ಡ್, ಬಟನ್ ಸೇರಿಸಿ ಅದೇ ಸೆಷನ್‌ನಿಂದ ಪೋಸ್ಟ್ ಮಾಡಿ. ಸೆಷನ್ ಇಲ್ಲದೆ ನೇರವಾಗಿ ಒಂದು ಪೋಸ್ಟ್, ಒಂದು ಗೆಟ್ ಮಾಡಿದರೆ ಕುಕಿ ನಡುವೆಯೇ ಬಿದ್ದುಹೋಗುತ್ತದೆ; ಒಳಗೆ ಹೋಗಿದ್ದರೂ ಮುಂದಿನ ಪುಟಕ್ಕೆ ನೀವು ಹೊಸಬರು. ಪೇಲೋಡ್‌ನಲ್ಲಿ 'ಫಾರ್ಮ್ ಡೇಟಾ' ಎಂದಿದ್ದರೆ ಡೇಟಾ ಎಂಬ ಆರ್ಗ್ಯುಮೆಂಟ್, 'ರಿಕ್ವೆಸ್ಟ್ ಪೇಲೋಡ್' ಎಂದು ಹೇಳಿ ಜೇಸನ್ (ಬ್ರಾಕೆಟ್‌ಗಳಲ್ಲಿ ಬರೆದ ಮಾಹಿತಿ) ತೋರಿಸಿದರೆ ಜೇಸನ್ ಎಂಬ ಆರ್ಗ್ಯುಮೆಂಟ್. ಇದನ್ನು ಅದಲುಬದಲು ಮಾಡಿದರೆ ಸರ್ವರ್‌ಗೆ ಪಾಸ್‌ವರ್ಡ್ ಖಾಲಿ ಬಂದಂತೆ.

ಪೇಲೋಡ್‌ನಲ್ಲಿ ಪಾಸ್‌ವರ್ಡ್ ಬದಲು ಗುರುತೇ ಸಿಗದ ಉದ್ದದ ಅಕ್ಷರಮಾಲೆ ಕಂಡರೆ, ಕಳಿಸುವ ಮೊದಲು ಜಾವಾಸ್ಕ್ರಿಪ್ಟ್ ಅದನ್ನು ಗೂಢಲಿಪಿ ಮಾಡುತ್ತಿದೆ ಎಂದರ್ಥ. ಆಗ ರಿಕ್ವೆಸ್ಟ್ಸ್ ಹಿಡಿದು ಗುದ್ದಾಡುವುದಕ್ಕಿಂತ ಪ್ಲೇರೈಟ್ ಅಥವಾ ಸೆಲೆನಿಯಂನಿಂದ ನಿಜವಾದ ಬ್ರೌಸರನ್ನೇ ಓಡಿಸುವುದು ಲೇಸು.

ಇದೆಲ್ಲ ಸರಿಹೋಗುವವರೆಗೆ ಸ್ಕ್ರಿಪ್ಟಿನಲ್ಲಿ ರೀಟ್ರೈ ಲೂಪ್ (ಸೋತರೆ ಮತ್ತೆ ಮತ್ತೆ ಪ್ರಯತ್ನಿಸುವ ಭಾಗ) ಇಡಲೇಬೇಡಿ. ಒಂದು ಸಲ ಸೋತರೆ ನಿಲ್ಲಲಿ. ಮೇಲಿಂದ ಮೇಲೆ ತಪ್ಪು ಲಾಗಿನ್ ಆದರೆ ಖಾತೆಯೇ ಲಾಕ್ ಆಗಬಹುದು, ಆಗ ಬ್ರೌಸರ್‌ನಲ್ಲೂ ಬಾಗಿಲು ಬಂದ್. 429 (ತೀರಾ ಹೆಚ್ಚು ಕೋರಿಕೆ) ಬಂದರೆ 'ರೀಟ್ರೈ ಆಫ್ಟರ್' ಹೆಡರ್‌ನಲ್ಲಿ ಎಷ್ಟು ಸೆಕೆಂಡ್ ಎಂದಿದೆಯೋ ಅಷ್ಟು ಕಾಯಿರಿ.

ಪ್ರಶ್ನೆ: ನನ್ನ ಸ್ಕ್ರಿಪ್ಟ್ ಕೈಯಿಂದ ಓಡಿಸಿದರೆ ಲಾಗಿನ್ ಆಗುತ್ತದೆ, ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ತಾನೇ ಓಡಿಸುವ ವ್ಯವಸ್ಥೆ) ಓಡಿದರೆ ಆಗುವುದಿಲ್ಲ. ಕರೆಂಟ್ ಹೋಗಿ ಬಂದ ಸ್ವಲ್ಪ ಹೊತ್ತು ಕೈಯಿಂದ ಓಡಿಸಿದರೂ ಆರಂಕಿಯ ಕೋಡ್ ತಪ್ಪು ಎನ್ನುತ್ತದೆ. ಆ ಕೋಡನ್ನು ಸ್ಕ್ರಿಪ್ಟೇ ಲೆಕ್ಕ ಹಾಕುತ್ತದೆ.
ಓದುಗರು, ಬನಶಂಕರಿ

ಉತ್ತರ: ಇವು ಎರಡು ಬೇರೆ ಬೇರೆ ಕಾಯಿಲೆ. ಟರ್ಮಿನಲ್ ತೆರೆದಾಗ ಓದಲಾಗುವ ನಿಮ್ಮ ಬ್ಯಾಶ್‌ಆರ್‌ಸಿ ಸೆಟ್ಟಿಂಗ್ ಫೈಲನ್ನು ಕ್ರಾನ್ ಓದುವುದಿಲ್ಲ, ಹಾಗಾಗಿ ಅಲ್ಲಿಟ್ಟ ಪಾಸ್‌ವರ್ಡ್ ಅದರ ಪಾಲಿಗೆ ಇಲ್ಲವೇ ಇಲ್ಲ. ಕ್ರಾನ್‌ಟ್ಯಾಬ್ (ಕ್ರಾನ್‌ನ ಕೆಲಸಗಳ ಪಟ್ಟಿ) ಸಾಲಿನಲ್ಲೇ ಪಾಸ್‌ವರ್ಡ್ ಬರೆದಿದ್ದೀರಾ? ಅದರಲ್ಲಿ ಶೇಕಡಾ ಚಿಹ್ನೆ ಇದ್ದರೆ ಕ್ರಾನ್ ಅದನ್ನು ಹೊಸ ಸಾಲು ಎಂದು ತಿಳಿದು ಆದೇಶವನ್ನು ಅಲ್ಲಿಗೇ ಕತ್ತರಿಸುತ್ತದೆ. ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಬಹುದು, ಆದರೆ ಪಾಸ್‌ವರ್ಡನ್ನು ಬೇರೆ ಫೈಲಿನಲ್ಲಿಟ್ಟು 600 ಪರ್ಮಿಷನ್ (ನೀವು ಮಾತ್ರ ಓದಿ ಬರೆಯಬಲ್ಲಂತೆ) ಕೊಟ್ಟು, ಪೂರ್ತಿ ಪಾತ್ ಹೇಳಿ ಓದಿಸುವುದೇ ಸರಿಯಾದ ದಾರಿ.

ಎರಡನೆಯದು ಗಡಿಯಾರದ ತೊಂದರೆ. ಆ ಕೋಡ್ ಹುಟ್ಟುವುದು ರಹಸ್ಯ ಕೀ ಮತ್ತು ಈಗಿನ ಸಮಯ ಎರಡರಿಂದ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಬಂದಾಗ ಪೈ ಬೇಗ ಏಳುತ್ತದೆ, ರೂಟರ್ ನಿಧಾನಕ್ಕೆ ಏಳುತ್ತದೆ. ಇಂಟರ್‌ನೆಟ್‌ನಿಂದ ಸಮಯ ಸಿಗುವವರೆಗೆ ಪೈ ಹಳೆಯ ಹೊತ್ತಿನಲ್ಲೇ ಇರುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಎಂದು ಟೈಪ್ ಮಾಡಿ, 'ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್' ಎದುರು 'ಯೆಸ್' ಬಂದ ಮೇಲೆಯೇ ಲಾಗಿನ್ ಮಾಡುವಂತೆ ಸ್ಕ್ರಿಪ್ಟ್ ತಿದ್ದಿ. ಪದೇಪದೇ ಕರೆಂಟ್ ಹೋಗುವ ಏರಿಯಾ ಆದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಡಿಎಸ್3231 ಗಡಿಯಾರ ಮಾಡ್ಯೂಲ್ ತಂದು ಹಾಕಿಕೊಳ್ಳಿ.

ಟೈಮ್‌ಝೋನ್ ಬದಲಿಸಿ ನೋಡುವವರಿದ್ದಾರೆ, ಪ್ರಯೋಜನವಿಲ್ಲ; ಲೆಕ್ಕ ನಡೆಯುವುದು ಯುಟಿಸಿಯಲ್ಲಿ (ವಿಶ್ವ ಸಮಯ). ಇನ್ನೊಂದು: ಒಮ್ಮೆ ಬಳಸಿದ ಕೋಡನ್ನು ಸರಿಯಾಗಿ ಕಟ್ಟಿದ ಸರ್ವರ್ ಮತ್ತೆ ಒಪ್ಪುವುದಿಲ್ಲ. ತಕ್ಷಣ ಎರಡನೇ ಸಲ ಲಾಗಿನ್ ಆಗಬೇಕಾದರೆ ಮುಂದಿನ ಕೋಡ್ ಬರುವವರೆಗೆ ಕಾಯಬೇಕು.

ಪ್ರಶ್ನೆ: ಹೋದ ವಾರದಿಂದ ತಾಣ ಕ್ಯಾಪ್ಚಾ ಕೇಳುತ್ತಿದೆ. ಸ್ಕ್ರಿಪ್ಟಿನಿಂದ ಬಿಡಿಸುವುದು ಹೇಗೆ?
ಓದುಗರು, ಕೆಂಗೇರಿ

ಉತ್ತರ: ಬಿಡಿಸಬೇಡಿ. ಯಂತ್ರ ಬೇಡ ಎಂದು ತಾಣದವರು ಬಾಯಿಬಿಟ್ಟು ಹೇಳಿದ್ದಾರೆ. ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಕ್ಕೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಂನಲ್ಲಿ ಬರುತ್ತದೆ ಎಂಬುದೂ ನೆನಪಿರಲಿ. ಕೈಯಿಂದಲೇ ಲಾಗಿನ್ ಆಗಿ ಬಿಲ್ ಇಳಿಸಿಕೊಳ್ಳಿ. ಇಳಿಸಿದ ಪಿಡಿಎಫ್‌ಗಳಿಂದ ಮೊತ್ತ ಹೆಕ್ಕುವ ಕೆಲಸ ಸ್ಕ್ರಿಪ್ಟಿಗಿರಲಿ. ಬಿಲ್ ಇಮೇಲ್‌ಗೆ ಬರುವ ಸೌಲಭ್ಯವಿದ್ದರೆ ಇನ್ನೂ ಸುಲಭ.

ಪ್ರಶ್ನೆ: ಜಿಮೇಲ್‌ನಿಂದ ಬಿಲ್ ಅಟ್ಯಾಚ್‌ಮೆಂಟ್ ತೆಗೆಯಲು ಹೋದರೆ ಪಾಸ್‌ವರ್ಡ್ ಒಪ್ಪುತ್ತಿಲ್ಲ.
ಓದುಗರು, ಯಲಹಂಕ

ಉತ್ತರ: ವೈಯಕ್ತಿಕ ಖಾತೆಗಳಿಗೆ ಬರೀ ಪಾಸ್‌ವರ್ಡ್ ಕೊಟ್ಟು ಹೊರಗಿನ ಪ್ರೋಗ್ರಾಂ ಒಳಹೋಗುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಕೊಂಡು ಅದನ್ನು ಐಮ್ಯಾಪ್ (ಪ್ರೋಗ್ರಾಂಗಳು ಮೇಲ್ ಓದುವ ವಿಧಾನ) ಲಾಗಿನ್‌ಗೆ ಕೊಡಿ. ಮುಂದೆ ಎಂದಾದರೂ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ, ಹೊಸದು ಮಾಡಿಕೊಳ್ಳಬೇಕು.