ತರಬೇತಿ ವಿಮಾನ ಇಳಿಯುವಾಗ ಪುಟಿದದ್ದು ಯಾರ ತಪ್ಪು?

ಪ್ರಶ್ನೆ: ನನ್ನ ಮಗಳು ನಮ್ಮ ರಾಜ್ಯದ ಒಂದು ವಿಮಾನ ಹಾರಾಟ ತರಬೇತಿ ಶಾಲೆಯಲ್ಲಿ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಸೆಸ್ನಾ 172 ವಿಮಾನದಲ್ಲಿ ಒಬ್ಬಳೇ ಹಾರಿ ಇಳಿಯುವಾಗ ವಿಮಾನ ರನ್‌ವೇ ಮೇಲೆ ಮೂರು ಸಲ ಪುಟಿದು, ಮುಂದಿನ ಗಾಲಿ ಮುರಿದು, ಪ್ರೊಪೆಲರ್ ನೆಲಕ್ಕೆ ಬಡಿಯಿತು. ದೇವರ ದಯೆ, ಅವಳಿಗೆ ಪೆಟ್ಟಾಗಲಿಲ್ಲ. ವೇಗ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಇರಬೇಕಾದಲ್ಲಿ 75 ಇತ್ತು, ವಿಮಾನ ನೆಲ ಮುಟ್ಟದೆ ತೇಲುತ್ತಲೇ ಹೋದಾಗ ಕಂಟ್ರೋಲನ್ನು ಮುಂದಕ್ಕೆ ಒತ್ತಿದೆ ಎನ್ನುತ್ತಾಳೆ. ಶಾಲೆಯವರು ‘ಪೈಲಟ್ ತಪ್ಪು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಇದು ಅವಳೊಬ್ಬಳ ತಪ್ಪೇ? ತನಿಖೆಯಿಂದ ಅವಳ ಲೈಸೆನ್ಸಿಗೆ ಕುತ್ತು ಬರುವುದೇ? ಅವಳನ್ನು ಮತ್ತೆ ಹಾರಲು ಬಿಡಬಹುದೇ?
– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ಮಗಳು ಕೊಟ್ಟ ವಿವರಣೆ ಪ್ರಾಮಾಣಿಕವಾಗಿದೆ; ನಡೆದದ್ದನ್ನು ತಿಳಿಯಲು ಬಹುಮಟ್ಟಿಗೆ ಅಷ್ಟೇ ಸಾಕು. ಸೆಸ್ನಾ 172 ಎಸ್ ಮಾದರಿ ಫ್ಲಾಪನ್ನು, ಅಂದರೆ ರೆಕ್ಕೆಯ ಹಿಂಬದಿಯ ಮಡಚುಪಟ್ಟಿಗಳನ್ನು, ಪೂರ್ಣ ಇಳಿಸಿಕೊಂಡು ಬರುವಾಗ ಕೈಪಿಡಿ ಸೂಚಿಸುವ ವೇಗ 60ರಿಂದ 70 ನಾಟ್. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 65ರ ಬದಲು 75 ನಾಟ್‌ನಲ್ಲಿ ಬಂದ ವಿಮಾನ ಸುಮಾರು ಮೂರನೇ ಒಂದರಷ್ಟು ಹೆಚ್ಚಿನ ಶಕ್ತಿಯನ್ನು ಹೊತ್ತು ತಂದಿರುತ್ತದೆ. ನೆಲದಿಂದ ರೆಕ್ಕೆಯ ಹರವಿಗಿಂತ, ಅಂದರೆ ಸುಮಾರು 11 ಮೀಟರಿಗಿಂತ, ಕಡಿಮೆ ಎತ್ತರಕ್ಕೆ ಇಳಿದಂತೆ ಗಾಳಿಯ ಎಳೆತ ತಗ್ಗುತ್ತದೆ. ಆ ಹೆಚ್ಚುವರಿ ಶಕ್ತಿ ಬೇಗ ಕರಗದೆ ವಿಮಾನ ತೇಲುತ್ತದೆ. ಸೋಲೋ ಹಾರಾಟದಲ್ಲಿ ಪಕ್ಕದ ಸೀಟಿನ ಇನ್‌ಸ್ಟ್ರಕ್ಟರರ ತೂಕವೂ ಇಲ್ಲದಿರುವುದರಿಂದ ಈ ತೇಲಾಟ ಇನ್ನಷ್ಟು ಹೆಚ್ಚು.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮೂತಿಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದು, ವೇಗ ತಾನಾಗಿ ಕುಂದಿ ಹಿಂದಿನ ಎರಡು ಗಾಲಿಗಳು ಮೊದಲು ನೆಲ ಮುಟ್ಟುವವರೆಗೆ ಕಾಯುವುದು. ರನ್‌ವೇ ಸಾಲದೆನಿಸಿದರೆ ಪೂರ್ತಿ ಥ್ರಾಟಲ್, ಅಂದರೆ ಎಂಜಿನ್ನಿನ ಪೂರ್ಣ ಶಕ್ತಿ, ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರುವುದು. ಇದನ್ನೇ ಗೋ-ಅರೌಂಡ್ ಎನ್ನುತ್ತಾರೆ. ಕಂಟ್ರೋಲನ್ನು ಮುಂದಕ್ಕೆ ಒತ್ತಿದರೆ ಮೂತಿಯ ಗಾಲಿ ಮೊದಲು ಬಡಿಯುತ್ತದೆ. ಆ ಬಡಿತಕ್ಕೆ ಮೂತಿ ಮೇಲೆ ಚಿಮ್ಮಿ, ರೆಕ್ಕೆ ಗಾಳಿಗೆ ಒಡ್ಡಿಕೊಳ್ಳುವ ಕೋನ ಹೆಚ್ಚಿ, ವಿಮಾನ ಮತ್ತೆ ಗಾಳಿಗೇರುತ್ತದೆ; ಆದರೆ ಈಗ ಎಂಜಿನ್ ಶಕ್ತಿಯೂ ಇಲ್ಲ, ವೇಗವೂ ಇಳಿಯುತ್ತಿದೆ. ಮೇಲೆದ್ದ ಮೂತಿಯನ್ನು ಕಂಡ ವಿದ್ಯಾರ್ಥಿ ಗಾಬರಿಯಿಂದ ಪುನಃ ಮುಂದಕ್ಕೆ ಒತ್ತುತ್ತಾನೆ, ಆ ಒತ್ತು ಫಲ ಕೊಡುವ ಹೊತ್ತಿಗೆ ವಿಮಾನ ಆಗಲೇ ಕೆಳಗಿಳಿಯುತ್ತಿರುತ್ತದೆ, ಹಾಗಾಗಿ ಎರಡನೆಯ ಬಡಿತ ಮೊದಲನೆಯದಕ್ಕಿಂತ ಜೋರಾಗಿರುತ್ತದೆ. ಪೋರ್ಪಾಯ್ಸಿಂಗ್ ಎಂದು ಪೈಲಟ್‌ಗಳು ಕರೆಯುವ ಈ ಏರಿಳಿತವನ್ನು ಮಣಿಸಲು ಹೊರಡುವುದಕ್ಕಿಂತ ಬಿಟ್ಟು ಮೇಲೇರುವುದೇ ಸರಿ.

ಇನ್ನು ತಪ್ಪಿನ ಮಾತು. ಕಂಟ್ರೋಲ್ ಒತ್ತಿದ ಕೈ ಆಕೆಯದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆಕೆಯನ್ನು ಒಬ್ಬಳೇ ಹಾರಲು ಯೋಗ್ಯಳೆಂದು ಸಹಿ ಹಾಕಿದವರು ಇನ್‌ಸ್ಟ್ರಕ್ಟರ್. ಪುಟಿದ ನಂತರ ಏನು ಮಾಡಬೇಕೆಂಬುದನ್ನು ಅವರು ಹೇಳಿದ್ದರೇ, ಮಾಡಿಸಿದ್ದರೇ ಎಂಬುದು ಬೇರೆಯೇ ಪ್ರಶ್ನೆ. ನೂರಿನ್ನೂರು ಅಡಿ ಎತ್ತರದಲ್ಲಿರುವಾಗ ಗೋ-ಅರೌಂಡ್ ಮಾಡುವುದು ಸುಲಭ. ಐದಾರು ಅಡಿ ಎತ್ತರದಲ್ಲಿ, ಪೂರ್ಣ ಫ್ಲಾಪ್ ಇಳಿದಿರುವಾಗ, ವೇಗ ಸತ್ತಿರುವಾಗ ಪೂರ್ತಿ ಥ್ರಾಟಲ್ ಕೊಟ್ಟರೆ ಮೂತಿ ತಟ್ಟನೆ ಮೇಲೇಳುತ್ತದೆ, ವಿಮಾನ ಎಡಕ್ಕೆ ತಿರುಗಲು ನೋಡುತ್ತದೆ. ಮೂತಿಯನ್ನು ಅದುಮಿ ಹಿಡಿದು, ಬಾಲದ ಚುಕ್ಕಾಣಿಯನ್ನು ತಿರುಗಿಸುವ ಬಲ ರಡರ್ ಪೆಡಲ್ ಒತ್ತಿ, ಫ್ಲಾಪನ್ನು ಹಂತಹಂತವಾಗಿ ಎತ್ತಬೇಕು. ಮೊದಲನೆಯದನ್ನು ಕಲಿಸಿ ಎರಡನೆಯದನ್ನು ಬಾಯಿಮಾತಿನಲ್ಲಿ ಮುಗಿಸುವ ಶಾಲೆ ತನ್ನ ಕೆಲಸವನ್ನು ಅರ್ಧ ಮಾತ್ರ ಮಾಡಿದೆ ಎಂದೇ ನನ್ನ ಅಭಿಪ್ರಾಯ. ನಮ್ಮ ಪ್ರಸ್ಥಭೂಮಿಗೆ ಸಂಬಂಧಿಸಿದ ಒಂದು ಸಂಗತಿಯನ್ನೂ ಸೇರಿಸಬೇಕು. ಬೆಂಗಳೂರಿನ ಜಕ್ಕೂರಿನಂತೆ ಸುಮಾರು 3,000 ಅಡಿ ಎತ್ತರದಲ್ಲಿರುವ ನಿಲ್ದಾಣದಲ್ಲಿ ಗಾಳಿ ತೆಳುವಾಗಿರುವುದರಿಂದ, ವೇಗದ ಮೀಟರ್ 65 ನಾಟ್ ತೋರಿಸುವಾಗ ನಿಜವಾದ ವೇಗ ಅದಕ್ಕಿಂತ ಶೇ 5ರಷ್ಟಾದರೂ ಹೆಚ್ಚಿರುತ್ತದೆ, ಬಿಸಿಲೇರಿದರೆ ಇನ್ನೂ ಹೆಚ್ಚು. ಹೊಸಬರ ಕಣ್ಣು ಅಲ್ಲಿ ಸುಲಭವಾಗಿ ಮೋಸ ಹೋಗುತ್ತದೆ.

ತನಿಖೆಗೆ ಹೆದರಬೇಕಾಗಿಲ್ಲ. ದೇಶದಲ್ಲಿ ವಿಮಾನ ಅಪಘಾತಗಳ ತನಿಖೆಗೆಂದೇ 2012ರಲ್ಲಿ ಸ್ಥಾಪನೆಯಾದ ಬ್ಯೂರೋ ಇದೆ; ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ ಇಂಥ ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದೇ ಹೊರತು ಹೊಣೆ ಹೊರಿಸುವುದಲ್ಲ. ಲೈಸೆನ್ಸಿನ ಮೇಲಿನ ಕ್ರಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ, ಸೇರಿದ ವಿಷಯ. ಇಂಥ ಸಂದರ್ಭಗಳಲ್ಲಿ ಕೆಲಕಾಲ ಹಾರಾಟದಿಂದ ದೂರವಿರಿಸಿ, ಸರಿಪಡಿಸುವ ತರಬೇತಿ ಕೊಡಿಸಿ ಮರಳಿ ಸೇರಿಸಿಕೊಳ್ಳುವ ರೂಢಿ ಇದೆ. ವೇಗದ ವಿಷಯವನ್ನು ನಿಮಗೆ ಹೇಳಿದಷ್ಟೇ ನೇರವಾಗಿ ತನಿಖೆಯವರಿಗೂ ಹೇಳಲಿ. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡಲಿ.

ಮತ್ತೆ ಹಾರಲು ಬಿಡಿ ಎಂದೇ ನಾನು ಹೇಳುತ್ತೇನೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಆಕೆಯದೇ ಆಗಿರಬೇಕು. ಇಳಿಯುವ ಭಯ ಒಳಗೇ ಉಳಿದರೆ ಅಷ್ಟು ದೂರ ಸಾಗುವುದು ಕಷ್ಟ. ಆದ್ದರಿಂದ ಶಾಲೆಯ ಮುಖ್ಯ ಇನ್‌ಸ್ಟ್ರಕ್ಟರರನ್ನು ಭೇಟಿಯಾಗಿ ಎರಡು ವಿಷಯ ಕೇಳಿ. ಪ್ರೊಪೆಲರ್ ಬಡಿದ ಎಂಜಿನ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಪ್ರೊಪೆಲರನ್ನು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಬಿರುಕು ಬಿಟ್ಟಿರಬಹುದು; ಅದನ್ನು ಬಿಚ್ಚಿ ಪರೀಕ್ಷಿಸದೆ ಆ ವಿಮಾನವನ್ನು ಯಾವ ವಿದ್ಯಾರ್ಥಿಗೂ ಕೊಡುವುದಿಲ್ಲ ತಾನೇ ಎಂಬುದು ಒಂದು. ಮುಂದಿನ ಸೋಲೋಗೆ ಮುನ್ನ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗಲೇ, ಪೂರ್ಣ ಫ್ಲಾಪಿನಲ್ಲಿ ನೆಲದ ಸಮೀಪಕ್ಕೆ ಬಂದು ಗೋ-ಅರೌಂಡ್ ಮಾಡುವುದನ್ನು ಕೈಗೆ ಹತ್ತುವವರೆಗೆ ಆಕೆಯಿಂದಲೇ ಮಾಡಿಸುತ್ತೀರಾ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ, ಮತ್ತೊಬ್ಬ ಇನ್‌ಸ್ಟ್ರಕ್ಟರರನ್ನು ನೇಮಿಸಿಕೊಡುವಂತೆ ಲಿಖಿತವಾಗಿ ಕೇಳುವ ಹಕ್ಕು ಶುಲ್ಕ ಕಟ್ಟಿದ ನಿಮಗಿದೆ.